ರೊಪ್ಪದ ಬಾಗಿಲಲ್ಲಿ ಬಿಚ್ಚಿದ ಬೂಟು

ನಮ್ಮ ಕೋರ್ಸಿನ ಗುಂಪು ಫೋಟೊ ಈಚೆಗೆ ವಾಟ್ಸಾಪಿನಲ್ಲಿ ಬಂತು. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಆ ಕೋರ್ಸನ್ನು ಈ ವರ್ಷದಿಂದ ನಿಲ್ಲಿಸಿದ್ದಾರಂತೆ. ಸಹಪಾಠಿಯೊಬ್ಬ ಬೇಸರದಿಂದ ಹಾಕಿದ್ದ. ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಸಾಲಿನಲ್ಲಿ, ನನ್ನ ಎಡಕ್ಕೆ, ಗೆಳೆಯ ಕಿಲಾರಿ ನಿಂತಿರಬೇಕಿತ್ತು. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಫೋಟೊದವನು ನಗಿ ಎಂದಾಗ ಅವನು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದದ್ದೂ ನೆನಪಿತ್ತು. ಫೋಟೊದಲ್ಲಿ ನನ್ನ ಎಡಕ್ಕೆ ಇರುವುದು ಕಾಲೇಜಿನ ಗೋಡೆ.

ಅವನೆಲ್ಲಿ ಎಂದು ಗುಂಪಿನಲ್ಲಿ ಕೇಳಿದೆ. ಶಬಾನಾ ಉತ್ತರ ಕೊಟ್ಟಳು. ನಮ್ಮ ತರಗತಿಯಿಂದ ಕಾನ್‌ಸ್ಟೇಬಲ್ ಆದವಳು ಅವಳೊಬ್ಬಳೇ. ‘ಅವತ್ತು ಅವನು ಬಂದಿರ್ಲಿಲ್ಲ ಕಣೋ. ಎತ್ತು ಕಾಯೋ ಪಾಳಿ ಅಂತ ಊರಿಗ್ ಹೋಗಿದ್ದ.’

ಇರಬಹುದು. ಹಾಗಾದರೆ ಆ ಮೊಣಕೈ ಯಾರದ್ದು?

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ಅಲ್ಲಿ ಮೊದಲ ತಿಂಗಳೇ ಹೇಳಿಕೊಟ್ಟಿದ್ದರು. ಇಲ್ಲಿ ಬರೆಯುತ್ತಿರುವ ಹೆಚ್ಚಿನದಕ್ಕೆ ಸಾಕ್ಷಿ ನಾನೊಬ್ಬನೇ. ಓದುವವರು ಅಷ್ಟು ಎಚ್ಚರಿಕೆ ಇಟ್ಟುಕೊಂಡರೆ ಸಾಕು.

ಕೋರ್ಸಿನ ಹೆಸರು ದೊಡ್ಡದಿತ್ತು. ಪದವಿ ಕಾಲೇಜಿನ ಹಿಂಭಾಗದಲ್ಲಿ ಎರಡು ಕೋಣೆ, ಮೇಲೊಂದು ಬೋರ್ಡು: ಸಮುದಾಯ ಕಾಲೇಜು, ಪೊಲೀಸ್ ಮತ್ತು ಅಗ್ನಿಶಾಮಕ ಸೇವಾ ತರಬೇತಿ. ಒಂದು ವರ್ಷದ ಸರ್ಟಿಫಿಕೇಟು. ಊರಿನವರು ‘ಪೊಲೀಸ್ ಕಾಲೇಜು’ ಎನ್ನುತ್ತಿದ್ದರು. ಬೆಳಿಗ್ಗೆ ಕಾನೂನು, ಸಂಜೆ ಮೈದಾನ. ಕಾನೂನು ಹೇಳಲು ಒಬ್ಬ ವಕೀಲರು ಬರುತ್ತಿದ್ದರು. ಬೆಂಕಿಯ ಪಾಠಕ್ಕೆ ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬರಿದ್ದರು. ಅವರನ್ನು ನಾವು ಫೈರ್ ಸರ್ ಎಂದೇ ಕರೆಯುತ್ತಿದ್ದೆವು. ಕಾಲೇಜಿನ ಬೆನ್ನಿಗೇ ಒಂದು ಶೇಂಗಾ ಎಣ್ಣೆ ಮಿಲ್ಲು. ಹಿಂಡಿಯ ವಾಸನೆಯಲ್ಲಿ ನಿಂತು ನೀರಿಲ್ಲದ ಪೈಪನ್ನು ಇಲ್ಲದ ಬೆಂಕಿಯ ಕಡೆ ಹಿಡಿಯುವುದನ್ನು ಕಲಿತೆವು.

ನಾನು ಎಂ.ಎ. ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಕೂತಿರಲಾರದೆ ಅಲ್ಲಿ ಸೇರಿದ್ದೆ. ಅವನು ಸೇರಿದ್ದು ಫೈರ್‌ಮನ್ ಆಗಲೇಬೇಕು ಎಂದು. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವನು. ಮೊಳಕಾಲ್ಮುರು ಕಡೆ, ಬ್ರಹ್ಮಗಿರಿಗೆ ಹತ್ತಿರದ ಒಂದು ಹಟ್ಟಿಯಿಂದ ಬರುತ್ತಿದ್ದ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಮನೆತನ. ಅಂಥವರನ್ನು ಆ ಕಡೆ ಕಿಲಾರಿ ಎನ್ನುತ್ತಾರೆ. ಆ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಮುದಿಯಾಗಿ ಸಾಯುವವರೆಗೆ ಮೇಯಿಸುತ್ತಾರೆ. ಹಾಜರಿ ಕೂಗುವಾಗ ಬಿಟ್ಟರೆ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅವನು ಕಿಲಾರಿ, ನಾನು ಮೇಷ್ಟ್ರು. ನನ್ನ ಎಂ.ಎ.ಗೆ ಅವನು ಕೊಟ್ಟ ಬಿರುದು ಅದು.

‘ಬ್ರಹ್ಮಗಿರಿ ಶಾಸನ ನೋಡಿದೀಯಾ?’ ಎಂದು ಮೊದಲ ವಾರವೇ ಕೇಳಿದ್ದೆ.

‘ದಿನಾ ನೋಡ್ತೀನಿ. ಅದರ ಹಿಂದ್ಗಡೆ ಹುಲ್ಲು ಚೆನ್ನಾಗೈತೆ. ಓದೋಕ್ ಬರಲ್ಲ. ನಿನಗ್ ಬರ್ತೈತಾ?’

‘ಇಲ್ಲ. ಆ ಲಿಪಿ ಕಲಿತಿಲ್ಲ.’

‘ಮತ್ತೆ ಇಬ್ರೂ ಒಂದೇ ಆದ್ವಲ್ಲೋ ಮೇಷ್ಟ್ರೇ. ನನಗೆ ಹುಲ್ಲಾದ್ರೂ ಸಿಕ್ತು.’

ಅವನು ನಗುವಾಗ ಮೊದಲು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಟ್ಲಕ್’ ಎಂದು ಸದ್ದು ಮಾಡುತ್ತಿದ್ದ. ದನ ಹೊಡೆಯುವ ಸದ್ದು. ಏನಾದರೂ ಹೇಳುವ ಮೊದಲೂ ಅದೇ. ವಕೀಲರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ‘ಕೋರ್ಟಲ್ಲಿ ಸಾಕ್ಷಿ ಹೇಳೋಕೆ ನಿಂತಾಗ ಹಂಗ್ ಮಾಡ್ಬಿಟ್ಟೀಯ, ಜಡ್ಜು ಎದ್ದು ನಡೀತಾರೆ’ ಎನ್ನುತ್ತಿದ್ದರು.

ಬಂಧನದ ಕ್ರಮ ಹೇಳಿಕೊಡುವ ದಿನ ವಕೀಲರು ಕಾಲೇಜಿನ ಜವಾನರನ್ನೇ ಕಳ್ಳನನ್ನಾಗಿ ನಿಲ್ಲಿಸಿದರು. ವಯಸ್ಸಾದ ಮನುಷ್ಯ. ಹಿಡಿಯುವ ಸರದಿ ಕಿಲಾರಿಯದು. ಅವನು ಹತ್ತಿರ ಹೋಗಿ ಸ್ವಲ್ಪ ಬಗ್ಗಿ, ‘ಯಜಮಾನ್ರೇ, ಒಂಚೂರು ಈ ಕಡೆ ಬರ್ತೀರಾ? ನಿಮ್ಮನ್ನ ಹಿಡೀಬೇಕಾಗೈತೆ’ ಅಂದ.

‘ಹಿಡಿಯಪ್ಪಾ, ಬೇಗ್ ಹಿಡಿ. ಟೀ ಕಾಸೋಕ್ ಇಟ್ಟು ಬಂದೀನಿ’ ಅಂದರು ಜವಾನರು.

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ವಕೀಲರಿಗೆ ಸಿಟ್ಟು ಬಂತು. ‘ಹಿಂಗೆಲ್ಲ ಕೇಳ್ಕೊಂಡು ಹಿಡಿಯೋಕೆ ಇದೇನು ಬೀಗ್ರ ಮನೆ ಅಂದ್ಕೊಂಡ್ಯಾ? ಲೇ ಅನ್ನು, ತೋಳಿಗೆ ಕೈ ಹಾಕು.’

‘ವಯಸ್ಸಾದೋರು ಸರ್. ಲೇ ಅನ್ನೋಕ್ ಬಾಯ್ ಬರಲ್ಲ.’

‘ಕಳ್ಳ ಕಣಯ್ಯಾ ಅವ್ನು!’

‘ನಿನ್ನೆ ನನಗೇ ಟೀ ಕೊಟ್ರು ಸರ್.’

ಹಾಗಂತ ಅವನು ಎಲ್ಲದರಲ್ಲೂ ಒಳ್ಳೆಯವನು, ಜಾಣ ಎಂದೇನಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಳಗಿದ್ದವರನ್ನು ಹೊರಗೆ ತಂದು ತಲೆ ಎಣಿಸುವ ಅಭ್ಯಾಸವೊಂದಿತ್ತು. ಅವನು ಎಣಿಸುತ್ತಲೇ ಇರಲಿಲ್ಲ. ಮಂದೆಯ ಮೇಲೆ ಕಣ್ಣಾಡಿಸುವವನಂತೆ ನಮ್ಮನ್ನೊಮ್ಮೆ ನೋಡಿ ‘ಎಲ್ಲಾ ಬಂದ್ರು ಸರ್’ ಎಂದುಬಿಡುತ್ತಿದ್ದ. ಎಣಿಸು ಎಂದು ಫೈರ್ ಸರ್ ಬೈದರೆ, ‘ಎಣಿಸಿದ್ರೆ ತಪ್ಪುತ್ತೆ ಸರ್, ನೋಡಿದ್ರೆ ಗೊತ್ತಾಗ್ತೈತೆ’ ಎನ್ನುವ ಹಟ. ಒಂದು ಸಲ ಹಾಗೆ ಹೇಳಿ ಮುಗಿಸಿದ ಮೇಲೆ ಶಬಾನಾ ಡಬ್ಬಿ ಹಿಡಿದುಕೊಂಡು ಮಹಡಿಯಿಂದ ನಿಧಾನಕ್ಕೆ ಇಳಿದು ಬಂದಳು.

‘ಯಾ ಅಲ್ಲಾ! ನಾನು ಮೇಲೆ ಸುಟ್ಟು ಹೋಗಿದ್ರೆ?’

‘ನೀನು ದಿನಾ ಲೇಟಲ್ವೇನವ್ವಾ. ಅದಕ್ಕೇ ಇಲ್ದಿದ್ದು ಕಣ್ಣಿಗ್ ಬೀಳ್ಲಿಲ್ಲ.’

ಫೈರ್ ಸರ್ ಅವನನ್ನು ಮೈದಾನ ಸುತ್ತು ಹಾಕಿಸಿದರು. ಅದು ಅವನಿಗೆ ಶಿಕ್ಷೆಯೇ ಆಗಿರಲಿಲ್ಲ. ಓಟದಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಓಡುವಾಗ ಕೈ ಬೀಸುತ್ತಿರಲಿಲ್ಲ, ಎದೆಯ ಹತ್ತಿರ ಕಟ್ಟಿಕೊಂಡಂತೆ ಇಟ್ಟುಕೊಳ್ಳುತ್ತಿದ್ದ. ಮುಗಿಸಿ ನಿಂತ ಮೇಲೆ ಉಸಿರು ಏರುತ್ತಿರಲಿಲ್ಲ. ಹೀಗೆ ನನಗೆ ನೆನಪು. ಏರದೇ ಇರುವುದು ಸಾಧ್ಯವಿಲ್ಲ ಎಂದೂ ಗೊತ್ತು.

ಬೂಟಿನ ವಿಷಯ ಹೇಳಬೇಕು. ಫೈರ್ ಸರ್ ನಮ್ಮ ತಲೆಗೆ ತುಂಬಿದ್ದು ಏನಾದರೂ ಇದ್ದರೆ ಅದು ಬೂಟು. ‘ಬೂಟು ಹಾಕ್ಕೊಳ್ದೋನು ಫೈರ್‌ಮನ್ ಅಲ್ಲ, ಬೆಂಕಿ ನೋಡೋಕ್ ಬಂದೋನು’ ಎಂದು ಪ್ರತಿ ಸಂಜೆ ಹೇಳುತ್ತಿದ್ದರು. ಸೀಟಿ ಊದಿದ ಕೂಡಲೇ ಬೂಟಿಗೆ ಕಾಲಿಟ್ಟು, ದಾರ ಬಿಗಿದು, ಹೆಲ್ಮೆಟ್ ಹಾಕಿ ಸಾಲಿಗೆ ನಿಲ್ಲಬೇಕು. ಕಿಲಾರಿಗೆ ಮೊದಲ ಕೆಲವು ವಾರ ಇದು ಬರಲಿಲ್ಲ. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ನಡೆದ ಪಾದ ಅಗಲವಾಗಿತ್ತು, ಯಾವ ಬೂಟೂ ಹಿಡಿಸುತ್ತಿರಲಿಲ್ಲ. ಕೊನೆಗೆ ಸರ್ ತಮ್ಮದೇ ಹಳೆಯ ಒಂದು ಜೊತೆ ತಂದುಕೊಟ್ಟರು. ‘ದಿನವೆಲ್ಲ ಹಾಕ್ಕೊಂಡಿರು. ಊರಿಗ್ ಹೋಗುವಾಗ್ಲೂ ಹಾಕ್ಕೊಂಡ್ ಹೋಗು. ಕಾಲಿಗೆ ಒಗ್ಗಬೇಕು.’ ಅವನು ಹಾಗೇ ಮಾಡಿದ. ಪ್ಯಾಂಟು ಮಾಸಿದರೂ ಆ ಬೂಟು ಮಾಸುತ್ತಿರಲಿಲ್ಲ. ವರ್ಷದ ಕೊನೆಗೆ ಸೀಟಿಯ ನಂತರ ಸಾಲಿನಲ್ಲಿ ಮೊದಲು ನಿಲ್ಲುವವನು ಅವನೇ ಆಗಿದ್ದ.

ಊರಲ್ಲಿ ಮಾತ್ರ ಬೇರೆ ಲೆಕ್ಕ. ಹಟ್ಟಿಯ ಆಚೆ ಎತ್ತುಗಳ ರೊಪ್ಪ, ಅಂದರೆ ಮುಳ್ಳುಬೇಲಿ ಸುತ್ತಿದ ದೊಡ್ಡಿ. ಅದರ ಬಾಗಿಲು ದಾಟುವಾಗ ಕಾಲಲ್ಲಿ ಏನೂ ಇರಬಾರದು. ಅಲ್ಲಿ ಅದು ಗುಡಿಯೇ. ಮೊದಲ ಸಲ ಅವನ ಜೊತೆ ಹೋದಾಗ ನನ್ನ ಚಪ್ಪಲಿಯನ್ನೂ ಬಿಡಿಸಿದ. ಮುಳ್ಳು ಚುಚ್ಚಿ ಕುಂಟುತ್ತ ನಾನು ಕೇಳಿದೆ, ‘ಎತ್ತಿಗೆ ಚಪ್ಪಲಿ ಇದ್ದದ್ದು ಇಲ್ಲದ್ದು ಗೊತ್ತಾಗುತ್ತಾ?’

‘ಎತ್ತು ಕೇಳಲ್ಲ ಬಿಡಪ್ಪ. ನಮ್ಮವ್ವ ಕೇಳ್ತಾಳೆ.’

ಅವನ ಅವ್ವ ಕೇಳುವವಳೇ. ಸಣ್ಣ ಆಳು, ದೊಡ್ಡ ದನಿ. ಆಂಧ್ರದ ಗಡಿಯೂರಿನಿಂದ ಬಂದವಳು, ಕನ್ನಡದ ಮಧ್ಯೆ ತೆಲುಗು ಬರುತ್ತಿತ್ತು. ‘ನಾಯನಾ, ನೀನು ಓದಿದೋನಂತೆ. ಇವನಿಗೆ ಕೆಲ್ಸ ಆಗ್ತೈತಾ ಹೇಳು’ ಎಂದು ನನ್ನನ್ನು ಕೇಳಿದ್ದಳು. ಅವಳ ತಮ್ಮ ರಾಯದುರ್ಗದ ಕಡೆ ಇದ್ದ. ಅವನ ಮಗಳನ್ನು ಇವನಿಗೆ ತರುವ ಮಾತಿತ್ತು. ಕೆಲಸದ ಆರ್ಡರು ಕೈಗೆ ಬಂದ ದಿನ ತಾಂಬೂಲ ಎಂದು ಮಾವ ಹೇಳಿದ್ದನಂತೆ. ‘ಎತ್ತು ಕಾದ್ರೆ ದೇವ್ರು ಖುಷಿ ಆಗ್ತಾನೆ ಮೇಷ್ಟ್ರೇ. ಹೆಣ್ ಕೊಡೋರು ಖುಷಿ ಆಗಲ್ಲ’ ಎಂದು ಅವನು ನಗಾಡುತ್ತಿದ್ದ. ಆದರೆ ಆ ಹುಡುಗಿಯ ವಿಷಯ ಬಂದಾಗ ‘ಟ್ಲಕ್’ ಸದ್ದು ಬರುತ್ತಿರಲಿಲ್ಲ.

ಕೋರ್ಸು ಮುಗಿಯುವ ಹೊತ್ತಿಗೆ ಫೈರ್‌ಮನ್ ನೇಮಕಾತಿಯ ಲಿಖಿತ ಪರೀಕ್ಷೆಯಲ್ಲಿ ಅವನು ಪಾಸಾದ. ಹೇಗೆ ಓದಿದನೋ ಗೊತ್ತಿಲ್ಲ, ನನ್ನಿಂದ ಒಂದಿಷ್ಟು ಹೇಳಿಸಿಕೊಂಡದ್ದಂತೂ ನಿಜ. ಇನ್ನು ದೈಹಿಕ ಪರೀಕ್ಷೆ ಬಾಕಿ: ಓಟ, ಹಗ್ಗ ಹತ್ತುವುದು, ಭಾರ ಹೊತ್ತು ನಡೆಯುವುದು. ಅದು ಅವನಿಗೆ ಮಂದೆಯ ಹಿಂದೆ ಹೋಗಿ ಬಂದಷ್ಟೇ ಸುಲಭ. ಆ ವರ್ಷ ಕಳೆದರೆ ವಯಸ್ಸು ಮೀರುತ್ತಿತ್ತು. ಅದನ್ನು ಯಾರೂ ಅವನಿಗೆ ನೆನಪಿಸಬೇಕಾಗಿರಲಿಲ್ಲ. ಫೈರ್ ಸರ್ ಮಾತ್ರ ನೆನಪಿಸುತ್ತಿದ್ದರು. ‘ಇನ್ನೊಂದು ವಾರ ಮೈ ಕೈ ನೋಡ್ಕೊಳ್ಳಲೇ. ಎತ್ತಿನ ಕೈಲಿ ತಿವಿಸ್ಕೊಂಡು ಬಂದೀಯ.’

ಆ ವಾರದ ಭಾನುವಾರ ನಾವಿಬ್ಬರೂ ಅವನೂರಿನಲ್ಲಿದ್ದೆವು. ಬೆಳಿಗ್ಗೆ ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮುಗಿಸಿ, ಅವನ ಮನೆಯಲ್ಲಿ ಉಂಡು ಕೂತಿದ್ದೆವು. ಅವನು ಬೂಟು ಬಿಚ್ಚಿರಲಿಲ್ಲ. ಜಗಲಿಯ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಕೂತಿದ್ದ. ಅವ್ವ ಆ ಬೂಟಿನ ಕಡೆ ಆಗಾಗ ನೋಡುತ್ತಿದ್ದಳು. ಗಾಳಿ ಜೋರಾಗಿತ್ತು. ರೊಪ್ಪದ ಪಕ್ಕ ಮೇವಿನ ಬಣವೆ, ಅದರ ಮೇಲೆ ಹಾದು ಹೋದ ಕರೆಂಟಿನ ತಂತಿ. ತಂತಿ ತಂತಿ ತಾಗಿ ಕಿಡಿ ಬಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ನೋಡಿದ್ದು ಹೊಗೆ.

ಅವನು ನನಗಿಂತ ಮೊದಲು ಎದ್ದ. ಆಮೇಲೆ ಒಂದಷ್ಟು ಹೊತ್ತು ಅವನು ಮಾಡಿದ್ದೆಲ್ಲ ಸರಿ ಇತ್ತು. ಫೈರ್ ಸರ್ ನಿಂತು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ನನಗೆ ಫೋನ್ ಮಾಡಲು ಹೇಳಿದ. ಗಂಡಸರನ್ನು ಗಾಳಿ ಬರುವ ಕಡೆಗೆ ಕಳಿಸಿ, ಹತ್ತದ ಮೇವನ್ನು ಎಳೆದು ಹಾಕಿಸಿದ. ಕಂಬಳಿಗಳನ್ನು ತೊಟ್ಟಿಯಲ್ಲಿ ನೆನೆಸಿ ತರಿಸಿದ. ‘ಆ ಕಡೆ ಹೋಗ್ಬೇಡ್ರಲೇ, ಹೊಗೆ ಕುಡೀತೀರಿ’ ಎಂದು ಕೂಗುತ್ತಿದ್ದ. ಲೇ ಎನ್ನಲು ಬಾಯಿ ಬಾರದವನು ಅವತ್ತು ಊರಿನ ಹಿರಿಯರಿಗೂ ಲೇ ಅಂದ. ಅಗ್ನಿಶಾಮಕ ವಾಹನ ಹೊರಟಿದೆ ಎಂದರು ಫೋನಿನಲ್ಲಿ. ದಾರಿ ಉದ್ದ ಇತ್ತು, ಅವರಾದರೂ ಏನು ಮಾಡಿಯಾರು.

ಅಷ್ಟರಲ್ಲಿ ಬೆಂಕಿ ರೊಪ್ಪದ ಮುಳ್ಳುಬೇಲಿಗೆ ಹಾರಿತು. ಒಣ ಜಾಲಿಮುಳ್ಳು. ಮಂದೆ ಮೇಯಲು ಹೋಗಿತ್ತು. ಒಳಗೆ ಇದ್ದದ್ದು ದೂರ ನಡೆಯಲಾರದ ಮುದಿ ಎತ್ತುಗಳು, ಕೆಲವು ಕರುಗಳು. ಬಾಗಿಲು ಇದ್ದದ್ದು ಬೆಂಕಿಯ ಕಡೆಗೇ. ಅವನು ಓಡಿದ. ನಾನು ಅವನ ಹಿಂದೆ ಓಡಿದೆ. ಬಾಗಿಲ ಹತ್ತಿರ ಅವನು ನಿಂತ. ಬಗ್ಗಿದ. ಬೂಟಿನ ದಾರ ಬಿಚ್ಚತೊಡಗಿದ.

ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ದಾರ ಉದ್ದ, ಬಿಚ್ಚಲು ಹೊತ್ತು ಹಿಡಿಯುತ್ತದೆ. ಒಂದೇ ಕಾಲಿನ ಮೇಲೆ ನಿಂತು ಒಂದನ್ನು ಎಳೆದ, ಆಮೇಲೆ ಇನ್ನೊಂದು. ಬೇಲಿ ಚಟಚಟ ಸಿಡಿಯುತ್ತಿತ್ತು. ‘ಬೂಟು ಇರ್ಲಿ ಕಣೋ, ಬಿಚ್ಚಬೇಡ’ ಎಂದು ನಾನು ಕೂಗಿದೆ. ಕೂಗಿದೆ ಎಂದೇ ನೆನಪು. ಬಿಚ್ಚಿದ ಬೂಟುಗಳನ್ನು ಅವನು ಬಾಗಿಲ ಪಕ್ಕ ಜೋಡಿಸಿ ಇಟ್ಟ, ಗುಡಿಯ ಮುಂದೆ ಇಡುವ ಹಾಗೆ. ಇದೂ ನನ್ನ ನೆನಪು. ಅವ್ವನನ್ನು ಕೇಳಿದರೆ ಅವನ ಕಾಲಲ್ಲಿ ಬೂಟೇ ಇರಲಿಲ್ಲ ಎನ್ನುತ್ತಾಳೆ. ಇನ್ನೊಬ್ಬರು, ಒಂದು ಬೂಟು ಬಾಗಿಲಲ್ಲೂ ಒಂದು ತೊಟ್ಟಿಯ ಹತ್ತಿರವೂ ಬಿದ್ದಿತ್ತು ಎಂದರು. ಅವನನ್ನೇ ಆಮೇಲೆ ಕೇಳಿದಾಗ, ‘ನೆನಪಿಲ್ಲ ಕಣಪ್ಪ. ಬಾಗ್ಲು ಬಂತು, ಬಿಚ್ಚಿದೆ’ ಅಂದ.

ಒಳಗೆ ಅವನು ತೆಲುಗಿನಲ್ಲಿ ಎತ್ತುಗಳನ್ನು ಕೂಗುತ್ತಿದ್ದ. ‘ರಾ ರಾ, ಲೇ ನಾಯನಾ, ಲೇ.’ ಎದ್ದೇಳು, ಬಾ ಎಂದು. ಎಲ್ಲ ಬಂದವು, ಒಂದು ಏಳಲಿಲ್ಲ. ಅದರ ಹಿಂಭಾಗಕ್ಕೆ ಭುಜ ಕೊಟ್ಟು ಅವನು ತಳ್ಳುತ್ತಿದ್ದ. ಬೇಲಿಯಿಂದ ಉದುರಿದ ಕೆಂಡ ಅವನ ಕಾಲ ಕೆಳಗೆ ಹರಡಿತ್ತು. ನಾನು ಬಾಗಿಲಲ್ಲಿ ಒದ್ದೆ ಕಂಬಳಿ ಹಿಡಿದು ನಿಂತಿದ್ದೆ. ಒಳಗೆ ಎಸೆದರೆ ಅವನಿಗೆ ಮುಟ್ಟುವಷ್ಟು ಹತ್ತಿರ ಇರಲಿಲ್ಲ. ಆದರೂ ಎಸೆದೆ. ಅದು ಅರ್ಧ ದಾರಿಯಲ್ಲಿ ಬಿತ್ತು. ಎತ್ತು ಕೊನೆಗೂ ಎದ್ದಿತು. ಅವನು ಅದರ ಹಿಂದೆಯೇ ಹೊರಗೆ ಬಂದ, ನಡೆದುಕೊಂಡೇ ಬಂದ. ತೊಟ್ಟಿಯ ಹತ್ತಿರ ಬಂದ ಮೇಲೆ ಕೂತ. ಕೂತ ಮೇಲೆ ಏಳಲಾಗಲಿಲ್ಲ.

ಆಸ್ಪತ್ರೆಗೆ ಫೈರ್ ಸರ್ ಬಂದರು. ಅವನ ಎರಡೂ ಕಾಲಿಗೆ ಮೊಣಕಾಲ ತನಕ ಬ್ಯಾಂಡೇಜು. ಸರ್ ಬಾಗಿಲಲ್ಲೇ ನಿಂತು ಕೂಗಿದರು.

‘ಒಂದ್ ವರ್ಷ ಏನ್ ಹೇಳ್ಕೊಟ್ಟೆ ನಾನು? ಏನ್ ಹೇಳ್ಕೊಟ್ಟೆ?’

‘ಬೂಟು ಸರ್.’

‘ಮತ್ತೆ?’

‘ರೊಪ್ಪದಾಗೆ ಹಾಕ್ಕೊಳ್ಳೋ ಹಂಗಿಲ್ಲ ಸರ್.’

ಸರ್ ನನ್ನನ್ನು ಕರೆದುಕೊಂಡು ಹೊರಗೆ ಬಂದರು. ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ, ‘ಎತ್ತೆಲ್ಲ ಬಂದ್ವಾ?’ ಎಂದು ಕೇಳಿದರು. ಬಂದವು ಎಂದೆ. ಸ್ಕೂಟರ್ ಹತ್ತಿ ಹೋದರು.

ದೈಹಿಕ ಪರೀಕ್ಷೆಯ ದಿನ ನಾನು, ಅವನು ಮತ್ತು ಒಂದು ಬಾಡಿಗೆ ಆಟೊ. ಜಿಲ್ಲಾ ಕೇಂದ್ರದ ಮೈದಾನದ ಗೇಟಿನಲ್ಲಿ ಸಾಲು. ಹಾಜರಿ ಹಾಕಿಸಿದರೆ ಆಮೇಲೆ ಒಂದು ದಾರಿ ಸಿಕ್ಕೀತು ಎಂದು ಯಾರೋ ಹೇಳಿದ್ದರು. ಅವನು ನನ್ನ ಭುಜ ಹಿಡಿದು ನಿಂತಿದ್ದ. ಒಬ್ಬ ಅಧಿಕಾರಿ ನಮ್ಮನ್ನು ದೂರದಿಂದಲೇ ನೋಡಿ ತಾವೇ ಎದ್ದು ಬಂದರು. ಕುರ್ಚಿ ತರಿಸಿ ಅವನನ್ನು ಕೂರಿಸಿದರು. ನಡೆದದ್ದನ್ನೆಲ್ಲ ಕೇಳಿದರು. ನಾನು ಓದಿದ್ದೆಲ್ಲವನ್ನೂ ಅವರ ಮುಂದೆ ಹರವಿದೆ. ವಕೀಲರ ತರಗತಿಯಲ್ಲಿ ಕಲಿತದ್ದು, ವಿಶ್ವವಿದ್ಯಾಲಯದಲ್ಲಿ ಕಲಿತದ್ದು, ಸಹಜ ನ್ಯಾಯ, ವಿವೇಚನಾಧಿಕಾರ, ಎಲ್ಲ. ಬೆಂಕಿ ಆರಿಸಲು ಹೋಗಿ ಸುಟ್ಟುಕೊಂಡವನನ್ನು ಬೆಂಕಿ ಆರಿಸುವ ಕೆಲಸಕ್ಕೆ ಬೇಡ ಎನ್ನುವುದು ಹೇಗೆ ಎಂದು ಕೇಳಿದೆ. ಅವರು ಒಂದು ಸಲವೂ ನನ್ನ ಮಾತನ್ನು ತಡೆಯಲಿಲ್ಲ. ‘ನೀವು ಹೇಳೋದು ಸರಿ ಇದೆ’ ಎಂದರು. ‘ಆದರೆ ಬೇರೆ ದಿನ ಕೊಡೋಕೆ ನನಗೆ ಬರಲ್ಲ. ಇವತ್ತು ಓಡಿದವರು ಓಡಿದ ಹಾಗೆ.’ ಆಮೇಲೆ ಅವನ ಕಡೆ ತಿರುಗಿ, ‘ನೀರು ಕುಡೀತೀಯಾ?’ ಎಂದು ಕೇಳಿದರು.

ಅವನು ಕುಡಿದ. ‘ಬರ್ತೀವಿ ಸರ್, ಬಿಸಿಲಾಗೆ ನಿಂತಿದೀರಿ, ಒಳಗ್ ಹೋಗ್ರಿ’ ಅಂದ.

ನನ್ನ ಜಗಳವನ್ನೆಲ್ಲ ಯಾರ ಮೇಲೆ ಹಾಕಬೇಕು ಎಂದು ಆಟೊದಲ್ಲಿ ದಾರಿಯುದ್ದಕ್ಕೂ ಹುಡುಕಿದೆ. ಒಬ್ಬರೂ ಸಿಗಲಿಲ್ಲ. ತಂತಿ, ಗಾಳಿ, ನಿಯಮ, ಅವ್ವ, ಬೂಟು, ಆ ಏಳದ ಎತ್ತು. ಅವನನ್ನೇ ಬೈಯೋಣ ಎಂದರೆ ಅವನು ನನ್ನ ತೊಡೆಯ ಮೇಲೆ ಕಾಲಿಟ್ಟು ಮಲಗಿಬಿಟ್ಟಿದ್ದ.

ಪಾದದ ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮಾಯ್ದ ಮೇಲೆ ಅವನು ಪಾದದ ಹೊರ ಅಂಚನ್ನು ಊರಿ ನಡೆಯುತ್ತಿದ್ದ. ರಾಯದುರ್ಗದ ಹುಡುಗಿಯ ಮದುವೆ ಬೇರೆ ಕಡೆ ಆಯಿತು. ಅವನೇ ಹೋಗಿ ಊಟ ಬಡಿಸಿ ಬಂದ ಎಂದು ಅವ್ವ ಹೇಳಿದಳು. ಹೇಳುವಾಗ ಕನ್ನಡವನ್ನು ಪೂರ್ತಿ ಬಿಟ್ಟು ತೆಲುಗಿಗೆ ಹೋದಳು. ಎಲ್ಲ ಅರ್ಥವಾಗಲಿಲ್ಲ. ನಾನು ಎರಡು ಕೆಲಸ ಹಿಡಿದು ಬಿಟ್ಟು, ಈಗ ಅತಿಥಿ ಉಪನ್ಯಾಸಕ. ಅವನು ಪಾಳಿಯಿಲ್ಲದ, ವರ್ಷವಿಡೀ ಎತ್ತು ಕಾಯುವ ಕಿಲಾರಿ. ರೊಪ್ಪದಲ್ಲೇ ಮಲಗುತ್ತಾನೆ.

ಫೋಟೊ ಬಂದ ವಾರವೇ ಇನ್ನೊಂದು ಸುದ್ದಿಯೂ ಬಂತು. ಶಬಾನಾ ಫೋನ್ ಮಾಡಿದಳು. ಫೈರ್‌ಮನ್ ಹೊಸ ನೇಮಕಾತಿಗೆ ಈ ಒಂದು ಸಲಕ್ಕೆ ಮಾತ್ರ ವಯಸ್ಸಿನ ಮಿತಿ ಸಡಿಲಿಸಿದ್ದಾರೆ, ಕಿಲಾರಿ ಅದರೊಳಗೆ ಬರುತ್ತಾನೆ ಎಂದಳು. ‘ನೀನೇ ಹೋಗಿ ಹೇಳು. ಅವನ ಫೋನು ಯಾವಾಗ್ಲೂ ಸ್ವಿಚ್ ಆಫು.’ ಖುಷಿಯಿಂದ ಹೇಳಿದಳು. ನಾನೂ ಖುಷಿಯಿಂದಲೇ ಮೊಳಕಾಲ್ಮುರಿನ ಬಸ್ಸು ಹತ್ತಿದೆ.

ಅವನು ಗುಡ್ಡದ ಬುಡದ ಬಯಲಿನಲ್ಲಿ ಎತ್ತು ಮೇಯಿಸುತ್ತಿದ್ದ. ನನ್ನನ್ನು ಕಂಡು ‘ಟ್ಲಕ್’ ಎಂದ. ಹಗುರಾಗಿ ನಕ್ಕ. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಸುದ್ದಿ ಹೇಳಿದೆ. ಅವನು ಕೋಲನ್ನು ನೆಲಕ್ಕೆ ಊರಿದ.

‘ನಿಜಾನಾ?’

‘ನಿಜ.’

‘ಒಂದೇ ಸಲಕ್ಕಾ?’

‘ಒಂದೇ ಸಲಕ್ಕೆ.’

‘ಓಟ ಮೊದಲಿನಷ್ಟೇನಾ?’

‘ಅಷ್ಟೇ.’

ಅವನು ಬಯಲಿನ ಆ ಕಡೆ ಇದ್ದ ಜಾಲಿಮರವನ್ನು ನೋಡಿದ. ಅಲ್ಲಿಗೆ ಹೋಗಿ ಬಂದರೆ ಎಷ್ಟು ದೂರ, ಎಷ್ಟು ಸಲ ಹೋಗಿ ಬಂದರೆ ಓಟದಷ್ಟಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾವತ್ತೋ ಅಳೆದು ಇಟ್ಟುಕೊಂಡಿದ್ದಿರಬೇಕು. ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ. ಟವೆಲ್ ತೆಗೆದು ಸೊಂಟಕ್ಕೆ ಬಿಗಿದ.

‘ನಿನ್ ಫೋನಾಗೆ ಟೈಮ್ ಹಿಡಿ ಮೇಷ್ಟ್ರೇ.’

‘ಇವತ್ತೇ ಯಾಕೆ? ಅಭ್ಯಾಸ ಮಾಡ್ಕೋ, ಆಮೇಲೆ ನೋಡೋಣ.’

‘ಹಿಡಿ ಅಂದೆ.’

ಹಿಡಿದೆ. ಅವನು ಓಡಿದ. ಮೊದಲ ಸಲ ಮರ ಮುಟ್ಟಿ ತಿರುಗುವವರೆಗೆ ಹಳೆಯ ಕಿಲಾರಿಯೇ ಕಂಡ, ಕೈಗಳು ಎದೆಯ ಹತ್ತಿರ. ಆಮೇಲೆ ಒಂದು ಪಾದ ಒಳಕ್ಕೆ ತಿರುಚತೊಡಗಿತು. ನೆಲ ಸಮ ಇಲ್ಲದ ಕಡೆ ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ, ಸುಟ್ಟ ಚರ್ಮಕ್ಕೆ ಸ್ಪರ್ಶಜ್ಞಾನ ಇರಲಿಲ್ಲ. ಎರಡು ಸಲ ಮುಗ್ಗರಿಸಿದ. ನಾನು ಫೋನನ್ನು ನೋಡುತ್ತಿದ್ದೆ. ಮುಗಿಸಬೇಕಾದ ಸಮಯ ಬಂತು, ದಾಟಿತು. ಅವನಿನ್ನೂ ಕೊನೆಯ ಸುತ್ತಿಗೆ ಮರದ ಕಡೆ ಹೋಗುತ್ತಿದ್ದ. ಕರೆಯಬಹುದಿತ್ತು. ಅಂಕೆಗಳು ಓಡುತ್ತಲೇ ಇದ್ದವು. ಅವನೂ ಓಡುತ್ತಲೇ ಇದ್ದ. ಎತ್ತುಗಳು ತಲೆ ಎತ್ತಿ ಅವನನ್ನೊಮ್ಮೆ ನೋಡಿ ಮತ್ತೆ ಬಗ್ಗಿ ಮೇಯತೊಡಗಿದವು.

ಗೆರೆ ದಾಟಿ ಮೊಣಕಾಲಿಗೆ ಕೈಯೂರಿ ನಿಂತ. ಉಸಿರು ಏರಿತ್ತು. ಆಮೇಲೆ ಮುಖ ಎತ್ತದೆ ಕೇಳಿದ, ‘ಎಷ್ಟಾಯ್ತು?’

ನಾನು ಏನು ಹೇಳಿದೆ ಎಂದು ಖಚಿತವಾಗಿ ಬರೆಯಲಾರೆ. ಇದು ನಡೆದು ಬಹಳ ದಿನವಾಗಿಲ್ಲ, ಆದರೂ ಆಗಲೇ ಎರಡು ಥರ ನೆನಪಾಗುತ್ತದೆ. ಒಂದರಲ್ಲಿ ಫೋನನ್ನಷ್ಟೇ ಅವನ ಕಡೆ ತಿರುಗಿಸಿದೆ. ಇನ್ನೊಂದರಲ್ಲಿ, ಹತ್ತಿರ ಬಂದಿದೀಯ ಎಂದೆ. ಅವನು ಹೇಳಿದ್ದರಲ್ಲಿ ಮಾತ್ರ ಅನುಮಾನವಿಲ್ಲ.

‘ಉಂಡು ಓಡ್ದೆ ನೋಡು, ಅದಕ್ಕೆ. ಇರು, ಇನ್ನೊಂದ್ ಸಲ.’

ಗೆರೆಯ ಹಿಂದೆ ಹೋಗಿ ನಿಂತ. ಒಂದು ಕಾಲು ಮುಂದಿಟ್ಟು, ಬಗ್ಗಿ, ಮರದ ಕಡೆ ಕಣ್ಣು ನೆಟ್ಟ. ಅಂಗಾಲಿನ ಪಕ್ಕದಲ್ಲಿ ಚರ್ಮ ಒಡೆದು ರಕ್ತ ಬರುತ್ತಿತ್ತು. ಅವನಿಗೆ ಅದು ಗೊತ್ತಾಗಿರಲಿಲ್ಲ.

‘ಹೂಂ ಅನ್ನು ಮೇಷ್ಟ್ರೇ’ ಅಂದ.

ಅಂಕೆಗಳನ್ನು ಸೊನ್ನೆಗೆ ತಂದೆ. ಹೂಂ ಅಂದೆ.